ಸಾಲದ ಮೂಲಕ ಸೆಕ್ಯುರಿಟಿ ಕ್ಲಿಯರೆನ್ಸ್ ಕಳೆದುಕೊಳ್ಳುವ ವಿಧಾನ: ಬಳಕೆದಾರರ ಕೈಪಿಡಿ

ಅಮೆರಿಕ ಸರ್ಕಾರದ ರಹಸ್ಯ ಕಡತ ಮುಟ್ಟುವ ಅನುಮತಿ, ಅಂದರೆ ಸೆಕ್ಯುರಿಟಿ ಕ್ಲಿಯರೆನ್ಸ್, ಪಡೆದಿದ್ದಕ್ಕೆ ಅಭಿನಂದನೆಗಳು. ಇದು ಅಂಗಡಿಯಲ್ಲಿ ಸಿಗುವ ಮಾಲಲ್ಲ. ನೀವಾಗಿಯೇ ಅರ್ಜಿ ಹಾಕುವಂತೆಯೂ ಇಲ್ಲ; ಇಲಾಖೆಯೋ ಗುತ್ತಿಗೆ ಕಂಪನಿಯೋ ನಿಮ್ಮ ಪರವಾಗಿ ಕೇಳಬೇಕು, ನೀವು ಅಮೆರಿಕದ ಪ್ರಜೆಯಾಗಿರಬೇಕು. ಹಾಸನದಲ್ಲಿ ಹುಟ್ಟಿ, ಎಚ್‌-1ಬಿ ದಾಟಿ, ಗ್ರೀನ್ ಕಾರ್ಡಿಗೆ ಕಾದು ಕಾದು ತಲೆ ನೆರೆತು, ಕೊನೆಗೆ ಪ್ರಜೆಯಾಗಿ ಪ್ರಮಾಣ ಮಾಡಿ, ಈಗ ವರ್ಜೀನಿಯಾದ ಯಾವುದೋ ರಕ್ಷಣಾ ಗುತ್ತಿಗೆ ಕಂಪನಿಯಲ್ಲಿ ಸಾಫ್ಟ್‌ವೇರ್ ಬರೆಯುತ್ತಿರುವವರಿಗೂ ಇದು ಸಿಗುತ್ತದೆ. 40 ಲಕ್ಷಕ್ಕೂ ಹೆಚ್ಚು ಜನರಿಗೆ ಸಿಕ್ಕಿದೆ.

ಇಷ್ಟು ಪಾಡುಪಟ್ಟು ಗಳಿಸಿದ್ದನ್ನು ಕಳೆದುಕೊಳ್ಳಬೇಕೆಂದರೆ ಬೇಹುಗಾರಿಕೆ ಮಾಡಬೇಕು, ನಡುರಾತ್ರಿ ಪಾರ್ಕಿನಲ್ಲಿ ಪೊಟ್ಟಣ ಬಚ್ಚಿಡಬೇಕು ಎಂದು ಅನೇಕರು ತಪ್ಪು ತಿಳಿದಿದ್ದಾರೆ. ಅಷ್ಟೆಲ್ಲ ಶ್ರಮ ಬೇಡ. ಕಟ್ಟದೆ ಬಿಟ್ಟ ಕ್ರೆಡಿಟ್ ಕಾರ್ಡ್ ಬಿಲ್ಲು ಸಾಕು. ರಕ್ಷಣಾ ಗುತ್ತಿಗೆ ನೌಕರರ ಕ್ಲಿಯರೆನ್ಸಿಗೆ ಕತ್ತರಿ ಬೀಳುವ ಕಾರಣಗಳಲ್ಲಿ ಅತಿ ಸಾಮಾನ್ಯವಾದದ್ದು ಹಣಕಾಸೇ. ಕೆಳಗಿನ ಸೂಚನೆಗಳನ್ನು ಚಾಚೂ ತಪ್ಪದೆ ಪಾಲಿಸಿ.

ಯಂತ್ರದ ಒಳಗೇನಿದೆ

2017ರ ಜೂನ್ 8ರಿಂದ ಜಾರಿಯಲ್ಲಿರುವ ಕ್ಲಿಯರೆನ್ಸ್ ನಿಯಮಾವಳಿಯಲ್ಲಿ ‘ಎ’ಯಿಂದ ‘ಎಂ’ವರೆಗೆ 13 ಮಾರ್ಗಸೂಚಿಗಳಿವೆ. ಕುಡಿತ, ಮಾದಕ ವಸ್ತು, ವಿದೇಶಿ ನಂಟು, ಅಪರಾಧ ಹೀಗೆ ಒಂದೊಂದಕ್ಕೆ ಒಂದೊಂದು ಅಕ್ಷರ. ಹಣಕಾಸಿನ ಪಾಲಿಗೆ ಬಂದದ್ದು ‘ಎಫ್’. ಅದರ ವಾದಕ್ಕೆ ಎರಡು ಎಳೆ. ಸಾಲದಲ್ಲಿ ಕುತ್ತಿಗೆಮಟ್ಟ ಮುಳುಗಿದವನು ದುಡ್ಡಿಗಾಗಿ ಏನನ್ನಾದರೂ ಮಾರಿಯಾನು ಎಂಬುದು ಮೊದಲನೆಯದು. ಎರಡನೆಯದು ಸ್ವಲ್ಪ ಅತ್ತೆಮನೆಯ ಧಾಟಿಯದು: ಹಾಸಿಗೆ ಇದ್ದಷ್ಟು ಕಾಲು ಚಾಚಲು ಬಾರದವನಿಗೆ ಕಡತ ಕಾಯುವ ಶಿಸ್ತು ಎಲ್ಲಿಂದ ಬರಬೇಕು?

ಇಷ್ಟು ಡಾಲರ್ ದಾಟಿದರೆ ಅನರ್ಹ ಎಂಬ ಗೆರೆ ಅದರಲ್ಲಿ ಎಲ್ಲೂ ಇಲ್ಲ. 6 ಲಕ್ಷ ಡಾಲರ್ ಮನೆ ಸಾಲವಿದ್ದು ತಿಂಗಳು ತಿಂಗಳು ಕಂತು ಕಟ್ಟುತ್ತಿದ್ದರೆ ಯಂತ್ರ ಮಿಸುಕುವುದಿಲ್ಲ. ಐದಾರು ಸಣ್ಣ ಬಿಲ್ಲುಗಳನ್ನು ವರ್ಷಗಟ್ಟಲೆ ಕಟ್ಟದೆ, ಕೇಳಿದವರಿಗೆ ಉತ್ತರವನ್ನೂ ಕೊಡದೆ ಕೂತರೆ ಮಿಸುಕುತ್ತದೆ. ಆದ್ದರಿಂದ ದೊಡ್ಡ ಸಾಲ ಮಾಡಿದ ಮಾತ್ರಕ್ಕೆ ಕೆಲಸವಾಯಿತೆಂದು ಸುಮ್ಮನಾಗಬೇಡಿ.

ಮೊದಲನೆಯ ಎಳೆ ಗಾಳಿಮಾತಲ್ಲ. ರೊನಾಲ್ಡ್ ಪೆಲ್ಟನ್ ಎಂಬಾತ ರಾಷ್ಟ್ರೀಯ ಭದ್ರತಾ ಸಂಸ್ಥೆಯಲ್ಲಿ ಸೋವಿಯತ್ ಸಂಪರ್ಕ ಜಾಲಗಳನ್ನು ಬಲ್ಲ ನೌಕರನಾಗಿದ್ದ. 1979ರಲ್ಲಿ ದಿವಾಳಿ ಅರ್ಜಿ ಹಾಕಿದ, ಅದೇ ವರ್ಷ ಕೆಲಸ ಬಿಟ್ಟ. 1980ರ ಜನವರಿಯಲ್ಲಿ ವಾಷಿಂಗ್ಟನ್ನಿನ ಸೋವಿಯತ್ ರಾಯಭಾರ ಕಚೇರಿಗೆ ಹೋದ. ಓಖೋಟ್‌ಸ್ಕ್ ಸಮುದ್ರದ ತಳದಲ್ಲಿ ಸೋವಿಯತ್ ನೌಕಾಪಡೆಯ ಕೇಬಲ್ಲಿಗೆ ಅಮೆರಿಕ ಗುಟ್ಟಾಗಿ ಕಿವಿ ಹಚ್ಚಿಟ್ಟಿತ್ತಲ್ಲ, ಆ ಕಾರ್ಯಾಚರಣೆಯನ್ನು ನೆನಪಿನಿಂದಲೇ ಒಪ್ಪಿಸಿದ. ಅವನಿಗೆ ಒಟ್ಟು ಸಿಕ್ಕಿದ್ದು ಸುಮಾರು 35,000 ಡಾಲರ್. ಅಂದರೆ ಒಂದು ಸಾಧಾರಣ ಸಂಸಾರದ ಸಾಲ ತೀರುವಷ್ಟು.

ಸಿಐಎಯ ಆಲ್ಡ್ರಿಚ್ ಏಮ್ಸ್ ಕತೆಯಲ್ಲಿ ಇನ್ನೊಂದು ತಿರುವಿದೆ. ವಿಚ್ಛೇದನ, ಹೊಸ ಸಂಸಾರ, ದಿನೇ ದಿನೇ ಏರುವ ಸಾಲ. 1985ರ ಏಪ್ರಿಲ್‌ನಲ್ಲಿ ಅವನೂ ಅದೇ ಬಾಗಿಲು ತಟ್ಟಿದ. ಮೊದಲು ಕೈಗೆ ಬಂದದ್ದು 50,000 ಡಾಲರ್. ಅವನು ಕೊಟ್ಟ ಹೆಸರುಗಳಿಂದ ಅಮೆರಿಕಕ್ಕೆ ಸುದ್ದಿ ಕೊಡುತ್ತಿದ್ದ ಕನಿಷ್ಠ 10 ಮಂದಿ ಪ್ರಾಣ ಕಳೆದುಕೊಂಡರು. ಆಮೇಲೆ ಏಮ್ಸ್, ಸಾಲದ ಕಾಲಂ ಮಾತ್ರ ನೋಡುವವರಿಗೆ, ಮಾದರಿ ಗೃಹಸ್ಥನಾದ. 1989ರಲ್ಲಿ ಆರ್ಲಿಂಗ್ಟನ್‌ನಲ್ಲಿ 5,40,000 ಡಾಲರಿನ ಮನೆಯನ್ನು ಪೂರ್ತಿ ನಗದಿಗೆ ಕೊಂಡ. ಜಾಗ್ವಾರ್ ಕಾರಿನಲ್ಲಿ ಕಚೇರಿಗೆ ಬಂದ. ಹೆಂಡತಿಯ ತವರು ಕೊಲಂಬಿಯಾದಲ್ಲಿ, ಅವರು ಭಾರೀ ಸ್ಥಿತಿವಂತರು ಎಂದ, ಇದ್ದೀತು ಎಂದುಕೊಂಡರು. 1986ರಲ್ಲಿ, 1991ರಲ್ಲಿ ಸುಳ್ಳು ಪತ್ತೆ ಪರೀಕ್ಷೆಯನ್ನೂ ದಾಟಿದ. ಸಿಕ್ಕಿಬಿದ್ದದ್ದು 1994ರ ಫೆಬ್ರವರಿ 21ರಂದು.

ಮರುವರ್ಷವೇ ಅಧ್ಯಕ್ಷ ಕ್ಲಿಂಟನ್ ಹೊರಡಿಸಿದ 12968ನೇ ಆದೇಶದಲ್ಲಿ ನೌಕರರು ತಮ್ಮ ಹಣಕಾಸಿನ ವಿವರ ಬಿಚ್ಚಿಡುವ ಕಟ್ಟಳೆ ಬಂತು. ಈಗ ‘ಎಫ್’ನ ದೋಷಪಟ್ಟಿಯಲ್ಲಿ ತೀರದ ಸಾಲದ ಜೊತೆಗೆ ಲೆಕ್ಕ ಸಿಗದ ಸಿರಿವಂತಿಕೆಯೂ ಇದೆ. ಸಾಲ ತೀರದಿದ್ದರೆ ಸಂಶಯ, ಒಂದೇ ಏಟಿಗೆ ತೀರಿಬಿಟ್ಟರೆ ಅದಕ್ಕಿಂತ ದೊಡ್ಡ ಸಂಶಯ. ಹೀಗಿರುವುದು ಸರಿಯೆಂದೇ ನನ್ನ ಅಭಿಪ್ರಾಯ. ಏಮ್ಸ್ ಸಾಲಗಾರನಾಗಿದ್ದಾಗ ಬರೀ ಅಪಾಯಕ್ಕೆ ಹತ್ತಿರವಿದ್ದ. ಸಾಲವಿಲ್ಲದವನಾದಾಗ ಅಪಾಯವೇ ಆಗಿದ್ದ.

ಬೇಕಾಗುವ ಸಾಮಗ್ರಿ

ಒಂದೆರಡು ಕ್ರೆಡಿಟ್ ಕಾರ್ಡ್. ವಿದ್ಯಾರ್ಥಿ ಸಾಲ. ಆಸ್ಪತ್ರೆ ಬಿಲ್ಲು (ಅಮೆರಿಕದಲ್ಲಿ ಇದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ). ಆಳವಾದ ಒಂದು ಡ್ರಾಯರು. 120 ದಿನ.

ಹಂತ 1: ಲಕೋಟೆ ಒಡೆಯಬೇಡಿ

ಮೊದಲ ತಿಂಗಳು ಬ್ಯಾಂಕಿನ ಪತ್ರ ವಿನಯದಿಂದ ಬರುತ್ತದೆ. ಎರಡನೆಯ ತಿಂಗಳು ಪತ್ರದ ಮೇಲ್ಭಾಗದಲ್ಲಿ ದಪ್ಪ ಅಕ್ಷರ ಕಾಣಿಸಿಕೊಳ್ಳುತ್ತದೆ. ಮೂರನೆಯ ತಿಂಗಳು ಫೋನು ಶುರು. ಇವು ಯಾವುದಕ್ಕೂ ಜಗ್ಗದೆ ಎಲ್ಲವನ್ನೂ ಡ್ರಾಯರಿಗೆ ಹಾಕಿ. ಫೋನು ಮಾಡಿ “ಸ್ವಾಮಿ, ಈ ತಿಂಗಳು ಕಷ್ಟ, ಕಂತು ಕಡಿಮೆ ಮಾಡಿಕೊಡಿ” ಎಂದು ಕೇಳಿದಿರೋ, ಇಲ್ಲಿಯವರೆಗಿನ ಶ್ರಮ ನೀರುಪಾಲು. ಬ್ಯಾಂಕಿನವರು ಒಪ್ಪಿಬಿಡುವ ಸಾಧ್ಯತೆಯೂ ಇದೆ.

120 ದಿನ ದಾಟಿದ ಬಾಕಿ ಸರ್ಕಾರದ ಲೆಕ್ಕಕ್ಕೆ ಬರುತ್ತದೆ. ಅಷ್ಟು ಹೊತ್ತಿಗೆ ಬ್ಯಾಂಕು ಖಾತೆಯನ್ನು ‘ಚಾರ್ಜ್ ಆಫ್’ ಮಾಡುವ ತಯಾರಿಯಲ್ಲಿರುತ್ತದೆ. ಆ ಪದ ಕಂಡೊಡನೆ ಸಾಲ ಮನ್ನಾ ಆಯಿತೆಂದು ಸಿಹಿ ಹಂಚುವವರಿದ್ದಾರೆ, ನೀವೂ ಹಂಚಿ. ಬ್ಯಾಂಕು ತನ್ನ ಪುಸ್ತಕದಲ್ಲಿ ನಷ್ಟ ಎಂದು ಬರೆದುಕೊಂಡಿದೆ, ಅಷ್ಟೆ. ಬಾಕಿ ನಿಮ್ಮ ಹೆಸರಿನಲ್ಲೇ ಇದೆ, ವಸೂಲಿ ಏಜೆನ್ಸಿಯೊಂದು ಅದನ್ನು ಚಿಲ್ಲರೆ ಕಾಸಿಗೆ ಕೊಂಡು ಪೂರ್ತಿ ಮೊತ್ತ ಕೇಳಲು ಬರುತ್ತಿದೆ.

ಹಿಂದೆ ಈ ಹಂತದಲ್ಲಿ ಬಳಕೆದಾರರಿಗೆ ಸಾಕಷ್ಟು ವಿರಾಮವಿತ್ತು. ಅತಿ ಮೇಲಿನ ಕ್ಲಿಯರೆನ್ಸ್ ಇದ್ದವರನ್ನು 5 ವರ್ಷಕ್ಕೊಮ್ಮೆ, ಅದರ ಕೆಳಗಿನವರನ್ನು 10 ವರ್ಷಕ್ಕೊಮ್ಮೆ ಮರುತನಿಖೆ ಮಾಡುತ್ತಿದ್ದರು. ಈಗ ಕಂಪ್ಯೂಟರು ಸದಾ ಕಣ್ಣಿಟ್ಟಿರುತ್ತದೆ. ರಕ್ಷಣಾ ಇಲಾಖೆ 2021ರ ಹೊತ್ತಿಗೆ ತನ್ನ ಕ್ಲಿಯರೆನ್ಸ್‌ದಾರರೆಲ್ಲರನ್ನೂ ಈ ನಿರಂತರ ತಪಾಸಣೆಯೊಳಗೆ ತಂದಿತು. ನೀವು ಕಂತು ತಪ್ಪಿಸಿದ್ದು ಹೆಂಡತಿಗೆ ತಿಳಿಯುವ ಮೊದಲೇ ಸರ್ಕಾರಕ್ಕೆ ತಿಳಿದಿರಬಹುದು. ಇಷ್ಟಾದರೂ, 120 ದಿನ ದಾಟಿದ ಬಾಕಿ, ದಿವಾಳಿ ಇವನ್ನು ನೀವೇ ನಿಮ್ಮ ಕಂಪನಿಯ ಸೆಕ್ಯುರಿಟಿ ಅಧಿಕಾರಿಗೆ ತಿಳಿಸಬೇಕೆಂಬ ನಿಯಮವಿದೆ. ತಿಳಿಸಬೇಡಿ. ಅವರಾಗಿಯೇ ಕಂಡುಹಿಡಿದಾಗ ಪರಿಣಾಮ ಇಮ್ಮಡಿಯಾಗುತ್ತದೆ.

ತಯಾರಕರ ಕಡೆಯ ದೋಷದ ಬಗ್ಗೆ ಒಂದು ಮಾತು. 2018ರ ಡಿಸೆಂಬರ್ 22ರಿಂದ 35 ದಿನ ಅಮೆರಿಕ ಸರ್ಕಾರದ ಹಲವು ಇಲಾಖೆಗಳು ಬೀಗ ಹಾಕಿಕೊಂಡಿದ್ದವು. ಸುಮಾರು 8 ಲಕ್ಷ ನೌಕರರಿಗೆ ಸಂಬಳವಿಲ್ಲ. ಕಂತು ತಪ್ಪಿದರೆ ತಮ್ಮ ಕ್ಲಿಯರೆನ್ಸಿಗೇ ಕುತ್ತು ಬಂದೀತು ಎಂದು ಎಫ್‌ಬಿಐ ಏಜೆಂಟರ ಸಂಘವೇ ಅಹವಾಲು ಸಲ್ಲಿಸಿತು. ಸಂಬಳ ಕೊಡದವನೂ ಸರ್ಕಾರ, ಬಿಲ್ಲು ಯಾಕೆ ಕಟ್ಟಲಿಲ್ಲ ಎಂದು ಕೇಳಬೇಕಾದವನೂ ಸರ್ಕಾರ. ಈ ದೋಷಕ್ಕೆ ಸರ್ವಿಸ್ ಸೆಂಟರ್ ಇಲ್ಲ.

ಹಂತ 2: ‘ಇಲ್ಲ’ ಎಂದು ಬರೆಯಿರಿ

ಇಡೀ ಕೈಪಿಡಿಯಲ್ಲಿ ಒಂದೇ ಪುಟ ಓದಲು ಪುರುಸೊತ್ತಿರುವವರು ಇದನ್ನು ಓದಿ. ಯಾಕೆಂದರೆ ಉಳಿದ ಹಂತಗಳು ವಿಫಲವಾದರೂ ಇದು ಸಾಮಾನ್ಯವಾಗಿ ಕೈಕೊಡುವುದಿಲ್ಲ.

ಎಸ್‌ಎಫ್-86 ಎಂಬ ಕ್ಲಿಯರೆನ್ಸ್ ಪ್ರಶ್ನಾವಳಿ ನೂರಕ್ಕೂ ಹೆಚ್ಚು ಪುಟದ್ದು. ಅದರ 26ನೇ ಭಾಗ ನಿಮ್ಮ ಹಣಕಾಸಿನ ಜಾತಕ. ಕಳೆದ 7 ವರ್ಷದಲ್ಲಿ ದಿವಾಳಿ ಅರ್ಜಿ ಹಾಕಿದ್ದೀರಾ? ತೆರಿಗೆ ರಿಟರ್ನ್ ಹಾಕದೆ ಬಿಟ್ಟಿದ್ದೀರಾ? ಕಚೇರಿಯ ಕಾರ್ಡನ್ನು ಸ್ವಂತಕ್ಕೆ ಉಜ್ಜಿದ್ದೀರಾ? ಮಕ್ಕಳ ಜೀವನಾಂಶ ಬಾಕಿಯೇ? ವಾಹನವನ್ನೋ ಮನೆಯನ್ನೋ ಸಾಲಕ್ಕೆ ಹಿಡಿದುಕೊಂಡು ಹೋದರೇ? ಬಾಡಿಗೆ ಕಟ್ಟದ್ದಕ್ಕೆ ಮನೆ ಬಿಡಿಸಿದರೇ? ಬಿಲ್ಲು ವಸೂಲಿ ಏಜೆನ್ಸಿಯ ಪಾಲಾಯಿತೇ? 120 ದಿನ ದಾಟಿದ ಬಾಕಿ ಇದೆಯೇ, ಇತ್ತೇ? ಜೂಜಿನ ಪ್ರಶ್ನೆಗೆ ಮಾತ್ರ 7 ವರ್ಷದ ಮಿತಿ ಇಲ್ಲ. ಜೂಜಿನಿಂದ ಹಣದ ಮುಗ್ಗಟ್ಟು ‘ಎಂದಾದರೂ’ ಬಂದಿದೆಯೇ ಎಂದೇ ಕೇಳುತ್ತಾರೆ.

ಎಲ್ಲಕ್ಕೂ ‘ಇಲ್ಲ’ ಎಂದು ಬರೆಯಿರಿ. ನಿಮ್ಮ ಕ್ರೆಡಿಟ್ ರಿಪೋರ್ಟ್ ತರಿಸಿಕೊಳ್ಳಲು ಅದೇ ಅರ್ಜಿಯ ಜೊತೆಗೆ ನೀವೇ ಸಹಿ ಹಾಕಿ ಒಪ್ಪಿಗೆ ಕೊಟ್ಟಿರುತ್ತೀರಿ ಎಂಬುದನ್ನು ದಯವಿಟ್ಟು ಮರೆಯಿರಿ. ತನಿಖಾಧಿಕಾರಿ ಎದುರು ಕೂತು, ನಗುಮುಖದಿಂದ, “ಹಣಕಾಸಿನ ತೊಂದರೆ ಏನಾದರೂ?” ಎಂದು ಕೇಳುವಾಗ ಆ ರಿಪೋರ್ಟ್ ಅವರ ಕಡತದಲ್ಲಿ ಇರುವ ಸಂಭವವೇ ಹೆಚ್ಚು. ಅವರಿಗೆ ಗೊತ್ತಿಲ್ಲದ್ದನ್ನು ತಿಳಿಯಲು ಕೇಳುತ್ತಿದ್ದಾರೆ ಎಂದು ನೀವು ನಂಬಿದ್ದರೆ ಈ ಹಂತ ಸಲೀಸು.

ಇಲ್ಲೊಂದು ಚಮತ್ಕಾರ ನಡೆಯುತ್ತದೆ. ಅಲ್ಲಿಯವರೆಗೆ ನಿಮ್ಮದು ‘ಎಫ್’ ಅಡಿಯ ಸಾದಾ ಪ್ರಕರಣ. ಬೇಕೆಂದೇ ಮುಚ್ಚಿಟ್ಟ ಕ್ಷಣದಿಂದ ‘ಇ’ ಎಂಬ ಇನ್ನೊಂದು ಮಾರ್ಗಸೂಚಿ, ವೈಯಕ್ತಿಕ ನಡತೆಯದು, ಎದ್ದು ನಿಲ್ಲುತ್ತದೆ. ಸಾಲಕ್ಕೆ ಕಂತು ಇದೆ, ಸುಳ್ಳಿಗೆ ಕಂತಿಲ್ಲ. 800 ಡಾಲರಿನ ಬಾಕಿಯನ್ನು ನಾಳೆಯೇ ಕಟ್ಟಿ ರಸೀದಿ ತೋರಿಸಬಹುದು. 800 ಡಾಲರಿನ ಬಾಕಿ ಇಲ್ಲವೆಂದು ಸಹಿ ಹಾಕಿದ್ದಕ್ಕೆ ರಸೀದಿ ಎಲ್ಲಿಂದ ತರುತ್ತೀರಿ? ಫೆಡರಲ್ ಸರ್ಕಾರಕ್ಕೆ ಬೇಕೆಂದೇ ಸುಳ್ಳು ಹೇಳುವುದು 5 ವರ್ಷದವರೆಗೆ ಜೈಲು ಶಿಕ್ಷೆಯ ಅಪರಾಧ ಎಂಬುದು ಅದೇ ಫಾರ್ಮಿನಲ್ಲಿ ಅಚ್ಚಾಗಿದೆ, ಸಾಲಕ್ಕಾಗಿ ಜೈಲು ಎಂದು ಎಲ್ಲೂ ಇಲ್ಲ.

ವೇಗ ಹೆಚ್ಚಿಸಬೇಕೆಂದರೆ ತೆರಿಗೆ ರಿಟರ್ನ್ ಹಾಕಬೇಡಿ. ಕಟ್ಟುವುದು ಏನೂ ಇರಲಿಲ್ಲ, ಬದಲಿಗೆ ನನಗೇ ರೀಫಂಡ್ ಬರಬೇಕಿತ್ತು ಎಂಬ ಸಮಜಾಯಿಷಿ ಕೆಲಸಕ್ಕೆ ಬರುವುದಿಲ್ಲ; ಹಾಕಬೇಕಾದ ರಿಟರ್ನ್ ಹಾಕದಿರುವುದೇ ದೋಷ. ಸ್ವಂತ ತೆರಿಗೆಯ ನಿಯಮ ಪಾಲಿಸದವನು ರಹಸ್ಯ ಕಾಯುವ ನಿಯಮ ಪಾಲಿಸುತ್ತಾನೆಯೇ ಎಂದು ಕ್ಲಿಯರೆನ್ಸ್ ಪ್ರಕರಣದ ನ್ಯಾಯಾಧೀಶರು ಕೇಳುತ್ತಾರೆ, ಅವರ ಪ್ರಶ್ನೆಯಲ್ಲಿ ತಪ್ಪು ಹುಡುಕುವುದು ಕಷ್ಟ.

ಹಂತ 3: 7 ವರ್ಷ ಅಜ್ಞಾತವಾಸ

ಹಳೆಯ ಬಾಕಿ ಸಾಮಾನ್ಯವಾಗಿ 7 ವರ್ಷದ ಬಳಿಕ ಕ್ರೆಡಿಟ್ ರಿಪೋರ್ಟಿನಿಂದ ಉದುರುತ್ತದೆ. ರಾಜ್ಯದ ಕಾನೂನಿನ ಪ್ರಕಾರ ಅವಧಿ ಮೀರಿದರೆ ಸಾಲಗಾರ ಕೋರ್ಟಿನಲ್ಲಿ ಬಚಾವಾಗಬಹುದು. ಇವೆರಡನ್ನೂ ನೆಚ್ಚಿಕೊಂಡು ಸುಮ್ಮನೆ ಕಾಯಿರಿ. ರಿಪೋರ್ಟಿನಿಂದ ಸಾಲ ಮಾಯವಾಯಿತೆಂದ ಮಾತ್ರಕ್ಕೆ ಸಾಲ ತೀರಿದಂತಲ್ಲ, ಅವಧಿ ಮೀರಲು ಕಾದು ಕೂತದ್ದು ಪ್ರಾಮಾಣಿಕ ಪ್ರಯತ್ನವೂ ಅಲ್ಲ ಎಂದು ಕ್ಲಿಯರೆನ್ಸ್ ಮೇಲ್ಮನವಿ ಮಂಡಳಿ ಮತ್ತೆ ಮತ್ತೆ ಹೇಳಿದೆ. ಕೋರ್ಟು ಕೇಳುವುದು ಸಾಲ ವಸೂಲಿ ಮಾಡಬಹುದೇ ಎಂದು, ಇವರು ಕೇಳುವುದು ನೀವು ಎಂಥವರು ಎಂದು.

ಊರ ನಂಟುಳ್ಳ ಬಳಕೆದಾರರಿಗೆ ವಿಶೇಷ ಸೂಚನೆ

ನಮ್ಮಲ್ಲಿ ಸಾಲ ಮಾಡಿ ಕೆಟ್ಟವರಿಗಿಂತ ಜಾಮೀನು ಹಾಕಿ ಕೆಟ್ಟವರೇನೂ ಕಡಿಮೆಯಿಲ್ಲ. ತಂಗಿಯ ಗಂಡ ನ್ಯೂಜೆರ್ಸಿಯಲ್ಲಿ ಪೆಟ್ರೋಲ್ ಬಂಕ್ ಹಾಕುತ್ತೇನೆಂದ, ನೀವು ತಂಗಿಯ ಮುಖ ನೋಡಿ ಸಹಿ ಹಾಕಿದಿರಿ, ಬಂಕ್ ಮುಚ್ಚಿತು. ಆ ಸಾಲ ನನ್ನದಲ್ಲ ಎಂದು ಬರೆಯುವಿರಾ? ಸಹ-ಸಾಲಗಾರನಾಗಿ ಅಥವಾ ಜಾಮೀನುದಾರನಾಗಿ ಹೊಣೆ ಹೊತ್ತದ್ದನ್ನೂ ಸೇರಿಸಿ ಬರೆಯಿರಿ ಎಂದು ಫಾರ್ಮು ಬಿಡಿಸಿ ಹೇಳುತ್ತದೆ.

ಮೈಸೂರಿನಲ್ಲಿದ್ದ ತಂದೆಯ ಸೈಟು ಮಾರಿ ನಿಮ್ಮ ಪಾಲು ಬಂತು, ಅದರಿಂದ ಸಾಲವೆಲ್ಲ ತೀರಿಸಿದಿರಿ ಎನ್ನೋಣ. ಸಂತೋಷ. ಆದರೆ ಮೇಲಿನ ದರ್ಜೆಯ ಕ್ಲಿಯರೆನ್ಸ್ ಇದ್ದರೆ 10,000 ಡಾಲರ್ ಅಥವಾ ಹೆಚ್ಚಿನ ಅನಿರೀಕ್ಷಿತ ಹಣ, ಅದು ಪಿತ್ರಾರ್ಜಿತವೇ ಆಗಿರಲಿ, ವರದಿ ಮಾಡಬೇಕು. ಅದೇ ಹಣ ಭಾರತದ ಬ್ಯಾಂಕಿನಲ್ಲಿ ನಿಮ್ಮ ಹೆಸರಿನಲ್ಲಿದ್ದು, ವಿದೇಶಿ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿದರೆ ಅಮೆರಿಕದ ಖಜಾನೆ ಇಲಾಖೆಗೆ ಇನ್ನೊಂದು ಫಾರ್ಮು. ‘ಏ, ಅಪ್ಪ ಮಗನ ವ್ಯವಹಾರ, ಇದನ್ನೂ ಹೇಳಬೇಕೇ’ ಎಂದು ಬಿಟ್ಟುಬಿಡಿ. ‘ಎಫ್’ ಜೊತೆಗೆ ವಿದೇಶಿ ನಂಟಿನ ‘ಬಿ’ಯೂ ಉಚಿತವಾಗಿ ಸಿಕ್ಕೀತು.

ಗೋಪ್ಯತೆಯ ಭರವಸೆ

ನೀವು ಕೊಟ್ಟ ವಿವರಗಳನ್ನು ಭದ್ರವಾಗಿ ಇಡಲಾಗುತ್ತದೆ. ಹೀಗೆ ಭದ್ರವಾಗಿ ಇಟ್ಟಿದ್ದ 2 ಕೋಟಿ 15 ಲಕ್ಷ ಜನರ ಹಿನ್ನೆಲೆ ತನಿಖೆಯ ಮಾಹಿತಿ ಸರ್ಕಾರದ ಸಿಬ್ಬಂದಿ ಕಚೇರಿಯ ಕಂಪ್ಯೂಟರುಗಳಿಂದ ಕಳುವಾಗಿದೆ ಎಂದು 2015ರಲ್ಲಿ ಗೊತ್ತಾಯಿತು. ವಿದೇಶಿ ಶಕ್ತಿಗಳು ನಿಮ್ಮ ಸಾಲದ ಗುಟ್ಟು ಹಿಡಿದು ಹೆದರಿಸಬಾರದೆಂದು ಸರ್ಕಾರ ಆ ಗುಟ್ಟನ್ನೆಲ್ಲ ಬರೆಸಿಕೊಂಡು, ಒಂದೇ ಕಡೆ ಪೇರಿಸಿಟ್ಟು, ವಿದೇಶಿ ಶಕ್ತಿಗಳ ಕೈಗೆ ಸಿಗುವಂತೆ ಮಾಡಿತು. ಎರಡೇ ವರ್ಷದಲ್ಲಿ ಕ್ರೆಡಿಟ್ ರಿಪೋರ್ಟ್ ಕೊಡುವ ಇಕ್ವಿಫ್ಯಾಕ್ಸ್‌ನಿಂದಲೂ ಸುಮಾರು 14.7 ಕೋಟಿ ಜನರ ವಿವರ ಸೋರಿತು. ಆ ಪ್ರಕರಣದಲ್ಲಿ ಚೀನಾ ಸೇನೆಯ ನಾಲ್ವರ ಮೇಲೆ ಅಮೆರಿಕ 2020ರಲ್ಲಿ ಆರೋಪ ಹೊರಿಸಿತು. ಈ ಎರಡು ಸಂಸ್ಥೆಗಳ ಕ್ಲಿಯರೆನ್ಸ್ ಯಾರೂ ಕಿತ್ತುಕೊಂಡಿಲ್ಲ.

ದೀಪ ಕೆಂಪಾದಾಗ

ಎಲ್ಲವೂ ಸರಿಯಾಗಿ ನಡೆದಿದ್ದರೆ ಒಂದು ದಿನ ‘ಸ್ಟೇಟ್‌ಮೆಂಟ್ ಆಫ್ ರೀಸನ್ಸ್’ ಎಂಬ ಪತ್ರ ಬರುತ್ತದೆ. ಅದರಲ್ಲಿ ಒಂದೊಂದು ಸಾಲಕ್ಕೂ ಒಂದೊಂದು ಉಪಖಂಡ: 1.ಎ ಆಸ್ಪತ್ರೆ, 1.ಬಿ ಕಾರ್ಡು, 1.ಸಿ ಇನ್ನೊಂದು ಕಾರ್ಡು, 1.ಡಿ ಜಿಮ್ಮಿನ ಬಾಕಿ. ಇಂಗ್ಲಿಷಿನ 26 ಅಕ್ಷರ ಮುಗಿದರೆ ಎಎ, ಬಿಬಿ ಎಂದು ಮುಂದುವರಿಯುವ ಸೌಲಭ್ಯವಿದೆ. ಗುತ್ತಿಗೆ ನೌಕರರಾದರೆ ಪತ್ರ ಕೈಸೇರಿದ 20 ದಿನದೊಳಗೆ ಪ್ರತಿಯೊಂದು ಖಂಡಕ್ಕೂ ಒಪ್ಪುತ್ತೇನೆ ಅಥವಾ ಅಲ್ಲಗಳೆಯುತ್ತೇನೆ ಎಂದು ಪ್ರಮಾಣಪೂರ್ವಕ ಉತ್ತರ ಕೊಡಬೇಕು. ಬೇಕಿದ್ದರೆ ನ್ಯಾಯಾಧೀಶರ ಮುಂದೆ ವಿಚಾರಣೆ ಕೇಳಬಹುದು. ಇದನ್ನೂ ಡ್ರಾಯರಿಗೆ ಹಾಕಿದರೆ ಮುಂದಿನ ಭಾಗ ಓದುವ ಅಗತ್ಯವೇ ಬೀಳುವುದಿಲ್ಲ.

ವಿಚಾರಣೆಯಲ್ಲಿ ಬಳಸಲು ಕಲ್ಪಿತ ಮಾದರಿ ಸಂಭಾಷಣೆ:

“1.ಸಿಯಲ್ಲಿರುವ ಕಾರ್ಡು ನಿಮ್ಮದೇ ತಾನೇ?”

“ನನ್ನದೇ ಸರ್. ಆದರೆ ಮನೆಯ ಬಿಲ್ಲುಗಳನ್ನೆಲ್ಲ ಹೆಂಡತಿ ನೋಡಿಕೊಳ್ಳುತ್ತಿದ್ದಳು.”

“ಬಾಕಿ ಇದೆಯೆಂದು ನಿಮಗೆ ಯಾವಾಗ ತಿಳಿಯಿತು?”

“ಎರಡು ವರ್ಷದ ಹಿಂದೆ, ತನಿಖಾಧಿಕಾರಿಗಳು ಹೇಳಿದಾಗ.”

“ಕಟ್ಟಲು ಶುರು ಮಾಡಿದ್ದು?”

“ಹೋದ ಶುಕ್ರವಾರ ಸರ್.”

ಈ ಕೊನೆಯ ಉತ್ತರ ಬಹಳ ಪರಿಣಾಮಕಾರಿ. ಪತ್ರ ಬಂದು, ಕೆಲಸಕ್ಕೆ ಕುತ್ತು ಬಂದ ಮೇಲೆ ಕಟ್ಟಿದ ಸಾಲಕ್ಕೆ ತೂಕ ಕಡಿಮೆ. ಸಾಲ ತೀರಿತು ನಿಜ, ಆದರೆ ಯಾರೂ ನೋಡದಿದ್ದಾಗ ಈ ಮನುಷ್ಯ ಏನು ಮಾಡುತ್ತಿದ್ದ ಎಂಬ ಪ್ರಶ್ನೆಗೆ ಉತ್ತರವೂ ಸಿಕ್ಕಿತು. ಇಂಥ ತೀರ್ಪುಗಳನ್ನು ಹೆಸರು ಅಳಿಸಿ ಇಂಟರ್ನೆಟ್ಟಿನಲ್ಲಿ ಹಾಕುತ್ತಾರೆ. ಓದುತ್ತಾ ಹೋದರೆ ಖಳನಾಯಕರು ಸಿಗುವುದಿಲ್ಲ. ಕೆಲಸ ಹೋದವರು, ವಿಚ್ಛೇದನವಾದವರು, ಮಗುವಿನ ಆಪರೇಷನ್ನಿಗೆ ಕಾರ್ಡು ಉಜ್ಜಿದವರು, ಲಕೋಟೆ ಒಡೆಯಲು ಹೆದರಿದವರು.

ಅಕಸ್ಮಾತ್ ಉಳಿಸಿಬಿಡುವ ತಪ್ಪುಗಳು

ಕೆಳಗಿನವುಗಳಿಂದ ದೂರವಿರಿ, ಇವುಗಳಿಂದ ಭಾರೀ ಸಾಲಗಾರರೂ ಕ್ಲಿಯರೆನ್ಸ್ ಉಳಿಸಿಕೊಂಡಿದ್ದಾರೆ. ಕೆಲಸ ಹೋದದ್ದು, ಕಾಯಿಲೆ, ಮನೆಯಲ್ಲಿ ಸಾವು, ವಿಚ್ಛೇದನ, ಗುರುತಿನ ಕಳ್ಳತನ ಇವು ನಿಮ್ಮ ಕೈ ಮೀರಿದ ಕಾರಣಗಳೆಂದು ನಿಯಮವೇ ಒಪ್ಪುತ್ತದೆ. ಆದರೆ ಅದರ ಜೊತೆ ಒಂದು ಬಾಲವಿದೆ: ಆ ಕಷ್ಟದಲ್ಲೂ ನೀವು ಜವಾಬ್ದಾರಿಯಿಂದ ನಡೆದುಕೊಂಡಿರಬೇಕು. ಅಂದರೆ ಬ್ಯಾಂಕಿಗೆ ಫೋನು ಮಾಡಿದ, ಪತ್ರ ಬರೆದ ಗುರುತು ಬೇಕು. ತಿಂಗಳಿಗೆ 50 ಡಾಲರಾದರೂ ಸರಿ, ಒಪ್ಪಂದ ಮಾಡಿಕೊಂಡು ತಪ್ಪದೆ ಕಟ್ಟಿದ ದಾಖಲೆ ಬೇಕು. ಎಲ್ಲ ಸಾಲವೂ ತೀರಿರಬೇಕೆಂದಿಲ್ಲ, ನಂಬುವಂಥ ಯೋಜನೆ ಇದ್ದು ಅದರಂತೆ ನಡೆಯುತ್ತಿರಬೇಕು. ಲಾಭಕ್ಕಲ್ಲದ ಸಂಸ್ಥೆಯಲ್ಲಿ ಸಾಲ ಸಲಹೆ ಪಡೆದರೆ ಅದೂ ಲೆಕ್ಕಕ್ಕಿದೆ. ಬಾಕಿ ನಿಮ್ಮದಲ್ಲವಾದರೆ ತಕರಾರು ಹಾಕಬಹುದು, ಕಾಗದಪತ್ರ ಇಟ್ಟುಕೊಂಡಿರಬೇಕು ಅಷ್ಟೆ. ತೆರಿಗೆ ಇಲಾಖೆಯೊಡನೆ ಕಂತಿನ ಏರ್ಪಾಟು ಮಾಡಿಕೊಂಡು ಅದರಂತೆ ಕಟ್ಟುತ್ತಿದ್ದರೂ ನಡೆಯುತ್ತದೆ. ದಿವಾಳಿ ಅರ್ಜಿ ಹಾಕುವುದು ಕಾನೂನುಬದ್ಧ ಹಾದಿ; ಅದೊಂದೇ ನಿಮ್ಮನ್ನು ಮುಳುಗಿಸುವುದೂ ಇಲ್ಲ, ಪ್ರಾಮಾಣಿಕತೆಯ ಪುರಾವೆಯೆಂದು ಎತ್ತಿ ನಿಲ್ಲಿಸುವುದೂ ಇಲ್ಲ. ಅಲ್ಲಿಗೆ ಹೇಗೆ ಬಂದಿರಿ, ಆಮೇಲೆ ಹೇಗಿದ್ದೀರಿ ಎಂದು ನೋಡುತ್ತಾರೆ.

ವಾರಂಟಿ

ಇಲ್ಲ. ಕ್ಲಿಯರೆನ್ಸ್ ಯಾರ ಹಕ್ಕೂ ಅಲ್ಲ ಎಂದು ಸುಪ್ರೀಂ ಕೋರ್ಟು 1988ರಲ್ಲಿ, ನೌಕಾಪಡೆ ಮತ್ತು ಈಗನ್ ನಡುವಿನ ಮೊಕದ್ದಮೆಯಲ್ಲಿ, ಹೇಳಿಯಾಗಿದೆ. ಸಂಶಯ ಉಳಿದರೆ ಅದರ ಲಾಭ ನಿಮಗಲ್ಲ, ರಾಷ್ಟ್ರದ ಭದ್ರತೆಗೆ. ನ್ಯಾಯಾಧೀಶರ ತೀರ್ಪು ವಿರುದ್ಧವಾದರೆ 15 ದಿನದೊಳಗೆ ಮೇಲ್ಮನವಿಯ ನೋಟಿಸು ಕೊಡಬೇಕು. ಅದೂ ಬಿದ್ದರೆ ಗುತ್ತಿಗೆ ನೌಕರರು 1 ವರ್ಷ ಕಾಯಬೇಕು, ಮತ್ತೆ ಯಾವುದಾದರೂ ಕಂಪನಿ ನಿಮ್ಮ ಪರವಾಗಿ ಕೇಳಬೇಕು. ಆ ಒಂದು ವರ್ಷದಲ್ಲಿ ಕಟ್ಟಿದ ಪ್ರತಿ ಕಂತಿನ ರಸೀದಿಯನ್ನೂ ತಾರೀಖಿನ ಪ್ರಕಾರ ಫೈಲು ಮಾಡಿ ಇಟ್ಟುಕೊಳ್ಳಿ.